ಬೆಂಕಿ ಆರಿದ ಮೇಲಿನ ಕೆಲಸಕ್ಕೂ ಕಲಿತವರು ಬೇಕು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಬಾಳ್ಳುಪೇಟೆಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ನಾವೆಲ್ಲ ಸೇರಿದ್ದೇವೆ. ಸಾಲ, ವಸೂಲಿ, ಗೊಬ್ಬರ, ಠೇವಣಿ ಇವುಗಳ ಬಗ್ಗೆ ಈಗಾಗಲೇ ಮಾತಾಡಿದವರು ನಮಗಿಂತ ಚೆನ್ನಾಗಿ ತಿಳಿದವರು. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿ ತೋಟ ಗದ್ದೆ ನೋಡಿಕೊಂಡು ಬಂದವರು. ಆದ್ದರಿಂದ ದೊಡ್ಡ ಲೆಕ್ಕಾಚಾರ ಬಿಟ್ಟು, ಯಾರೂ ಅಷ್ಟಾಗಿ ಎತ್ತದ ಒಂದು ವಿಷಯವನ್ನು ತಮ್ಮ ಮುಂದೆ ಇಡುತ್ತೇವೆ. ಅದು ಬೆಂಕಿಯ ವಿಷಯ. ಬೆಂಕಿ ಆರಿಸುವುದಲ್ಲ, ಬೆಂಕಿ ಆರಿದ ಮೇಲೆ ಏನು ಮಾಡಬೇಕು, ಅದನ್ನು ಯಾರು ಮಾಡಬೇಕು, ಅವರು ಎಲ್ಲಿ ಕಲಿಯಬೇಕು ಎಂಬ ವಿಷಯ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ಅಂತ ಗಾದೆ ಇದೆ. ಬಾವಿಯನ್ನು ಮೊದಲೇ ತೋಡಬೇಕು, ಸರಿ. ಆದರೆ ಬಾವಿಯ ನೀರು ಹೊಯ್ದು ಬೆಂಕಿ ಆರಿಸಿದ ಮೇಲೆ ಮನೆ ಮೊದಲಿನಂತೆ ಆಗಿಬಿಡುತ್ತದೆಯೇ? ಇಲ್ಲ. 101ಕ್ಕೋ 112ಕ್ಕೋ ಫೋನ್ ಮಾಡಿದರೆ ಅಗ್ನಿಶಾಮಕ ದಳದವರು ಬರುತ್ತಾರೆ, ಜೀವ ಒತ್ತೆ ಇಟ್ಟು ಆರಿಸುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಉಳಿಯುವುದು ಮಸಿ ಹಿಡಿದ ಗೋಡೆ, ನೀರು ಕುಡಿದ ಕಡತ, ಹೊಗೆ ವಾಸನೆ ಹೊಡೆಯುವ ಕಾಳುಮೆಣಸು, ಮತ್ತು ತಲೆ ಮೇಲೆ ಕೈ ಹೊತ್ತು ಕೂತ ಮನೆಯವರು. ಅವರ ಹತ್ತಿರ ಹೋಗಿ "ಅದನ್ನು ಮುಟ್ಟಬೇಡಿ, ಇದನ್ನು ಮೊದಲು ಮಾಡಿ" ಅಂತ ಹೇಳುವವರು ನಮ್ಮ ಸೀಮೆಯಲ್ಲಿ ಒಬ್ಬರೂ ಇಲ್ಲ.

ನಮ್ಮ ಕಡೆ ಬೆಂಕಿಗೆ ಕಾರಣಗಳು ತಮಗೆಲ್ಲ ಗೊತ್ತಿರುವಂಥವೇ. ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಬೇಸಗೆ ಕಾಲಿಡುತ್ತದೆ. ರೋಬಸ್ಟ ಇನ್ನೂ ಕಣದಲ್ಲಿರುತ್ತದೆ, ಮೆಣಸು ಒಣಗುತ್ತಿರುತ್ತದೆ, ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ. ಹುಲ್ಲಿನ ಮೆದೆ ಮನೆಗೆ ಅಂಟಿಕೊಂಡೇ ಇರುತ್ತದೆ. ಅಟ್ಟದ ಮೇಲೆ ಗೋಣಿಚೀಲ, ಅಟ್ಟದ ಕೆಳಗೆ ಒಲೆ. ಹಳೇ ಮನೆಗಳ ವೈರಿಂಗ್ ಮೂವತ್ತು ನಲವತ್ತು ವರ್ಷದ್ದು, ಅದಕ್ಕೆ ಈಗ ಫ್ರಿಜ್ಜು, ಗೀಸರ್ರು, ಮೋಟಾರು ಎಲ್ಲವನ್ನೂ ಹಾಕಿದ್ದೇವೆ. ಏಲಕ್ಕಿ ಬೆಳೆಯುವವರ ಒಣಗಿಸುವ ಮನೆಯಲ್ಲಂತೂ ಸೌದೆ ಉರಿ ರಾತ್ರಿಯೆಲ್ಲ ಇರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಹತ್ತಿರದ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಹೇಳುತ್ತೇವೆ, ಹೆಸರು ಬೇಡ. ಅಡಿಗೆ ಮನೆ ಪಕ್ಕದ ಉಗ್ರಾಣದಲ್ಲಿ ಬೆಂಕಿ ಕಾಣಿಸಿತು. ಅಕ್ಕಪಕ್ಕದವರು ಕೊಡಪಾನ ಹಿಡಿದು ಅರ್ಧ ಗಂಟೆಯಲ್ಲಿ ಆರಿಸಿದರು. ಸುಟ್ಟದ್ದು ಒಂದು ಬಾಗಿಲು, ನಾಲ್ಕು ತೊಲೆ, ಒಂದಿಷ್ಟು ಪ್ಲಾಸ್ಟಿಕ್ ಕ್ರೇಟು, ಪೈಪು. "ದೇವರು ದೊಡ್ಡವನು, ಅಷ್ಟಕ್ಕೇ ಹೋಯಿತು" ಅಂದರು ಎಲ್ಲರೂ. ಆದರೆ ಮಾರನೇ ದಿನದಿಂದ ನಿಜವಾದ ನಷ್ಟ ಶುರುವಾಯಿತು. ಮನೆಯ ಹೆಣ್ಣುಮಕ್ಕಳು, ಇಬ್ಬರು ಕೂಲಿಯವರು ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆ ಒರೆಸಿದರು. ಮಸಿ ಹೋಗಲಿಲ್ಲ, ಎಣ್ಣೆ ಬಳಿದಂತೆ ಸುಣ್ಣದೊಳಗೆ ಇಳಿಯಿತು. ಮೂರು ಕೋಣೆ ಆಚೆ ಇಟ್ಟಿದ್ದ ಮೆಣಸಿನ ಚೀಲಕ್ಕೆ ಬೆಂಕಿ ತಾಗಿರಲಿಲ್ಲ, ಆದರೂ ವ್ಯಾಪಾರಿ ಮೂಸಿ ನೋಡಿ ಬೇಡ ಅಂದ. ಹದಿನೈದು ದಿನದಲ್ಲಿ ಹೊಲಿಗೆ ಯಂತ್ರ, ಸ್ಟೀಲು ಬೀರು, ಮೋಟಾರಿನ ಸ್ಟಾರ್ಟರ್ ಎಲ್ಲ ತುಕ್ಕು ಹಿಡಿದವು. ವಿಮೆ ಇತ್ತು. ಆದರೆ ಸರ್ವೇಯರ್ ಬರುವಷ್ಟರಲ್ಲಿ ಹಾಳಾದ ಸಾಮಾನೆಲ್ಲ ಹೊಂಡಕ್ಕೆ ಸೇರಿತ್ತು, ಫೋಟೋ ಇರಲಿಲ್ಲ, ಪಟ್ಟಿ ಇರಲಿಲ್ಲ. ಕೈಗೆ ಬಂದದ್ದು ಅಷ್ಟಕ್ಕಷ್ಟೆ. ಬೆಂಕಿ ತಿಂದದ್ದಕ್ಕಿಂತ ಬೆಂಕಿ ಆರಿದ ಮೇಲಿನ ಹದಿನೈದು ದಿನ ತಿಂದದ್ದೇ ಹೆಚ್ಚು.

ಇದು ಯಾಕೆ ಹೀಗಾಗುತ್ತದೆ ಅಂತ ಕೇಳಿ ತಿಳಿದುಕೊಂಡದ್ದನ್ನು ಸರಳವಾಗಿ ಹೇಳುತ್ತೇವೆ.

ಮಸಿ ಎಲ್ಲ ಒಂದೇ ಅಲ್ಲ ಬಂಧುಗಳೇ. ಒಣ ಸೌದೆ, ಕಾಗದ, ಹುಲ್ಲು ಧಗಧಗ ಉರಿದಾಗ ಬರುವುದು ಒಣ ಮಸಿ. ಅದು ಪುಡಿಪುಡಿ, ಊದಿದರೆ ಹಾರುತ್ತದೆ. ಪ್ಲಾಸ್ಟಿಕ್ಕು, ರಬ್ಬರು, ಹಾಸಿಗೆ ಇವು ಗಾಳಿ ಸಾಲದೆ ನಿಧಾನವಾಗಿ ಹೊಗೆಯಾಡಿದಾಗ ಬರುವುದು ಜಿಗುಟು ಮಸಿ. ಅದನ್ನು ಒರೆಸಿದರೆ ಬಳಿದುಕೊಳ್ಳುತ್ತದೆ. ಅಡಿಗೆ ಸೀದು, ಮಾಂಸ ಮೀನು ಕರಕಲಾಗಿ ಬರುವ ಹೊಗೆ ಕಣ್ಣಿಗೆ ಕಾಣುವುದೇ ಕಷ್ಟ, ತೆಳ್ಳಗೆ ಮೆರುಗೆಣ್ಣೆಯಂತೆ ಕೂರುತ್ತದೆ, ಆದರೆ ಅದರ ನಾತ ತಿಂಗಳುಗಟ್ಟಲೆ ಬಿಡುವುದಿಲ್ಲ. ಸೀಮೆಎಣ್ಣೆ, ಡೀಸೆಲ್ ಉರಿದದ್ದು ಮತ್ತೊಂದು ಬಗೆ. ಒಂದೊಂದಕ್ಕೂ ಒಂದೊಂದು ಉಪಾಯ. ನಮ್ಮ ಅಜ್ಜಿಯರಿಗೆ ಇದರ ಅರಿವು ಸ್ವಲ್ಪ ಇತ್ತು. ಅಡಿಗೆ ಮನೆಯ ಇಲ್ಲಣವನ್ನು ಅವರು ಎಂದೂ ನೀರು ಹಾಕಿ ತೆಗೆಯುತ್ತಿರಲಿಲ್ಲ, ಒಣ ಪೊರಕೆಯಿಂದ ಮೇಲಿಂದ ಕೆಳಕ್ಕೆ ತೆಗೆಯುತ್ತಿದ್ದರು. ಇವತ್ತಿನ ಶಾಸ್ತ್ರವೂ ಹೇಳುವುದು ಅದನ್ನೇ: ಮೊದಲು ಒಣದು, ಆಮೇಲೆ ಒದ್ದೆ.

ಎರಡನೆಯದು, ಮಸಿಯಲ್ಲಿ ಹುಳಿ ಗುಣ ಇದೆ. ಪಿವಿಸಿ ಪೈಪು, ವೈರಿನ ಹೊದಿಕೆ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ ಬರುತ್ತದೆ. ಅದು ತೇವದ ಜೊತೆ ಸೇರಿದರೆ ಆಸಿಡ್ ಆಗುತ್ತದೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಏನು ಕಮ್ಮಿ? ಬಯಲುಸೀಮೆಯಲ್ಲಿ ತಿಂಗಳು ತೆಗೆದುಕೊಳ್ಳುವ ತುಕ್ಕು ನಮ್ಮಲ್ಲಿ ವಾರದಲ್ಲಿ ಬರುತ್ತದೆ. ಹಾಗಾಗಿ ಕಬ್ಬಿಣ, ತಾಮ್ರ, ಮೋಟಾರು, ಬೀಗ, ತಕ್ಕಡಿ ಇವನ್ನು ಒಂದೆರಡು ದಿನದಲ್ಲೇ ಒರೆಸಿ ಎಣ್ಣೆ ಕಾಣಿಸಬೇಕು. ಗೋಡೆ ಕಾಯುತ್ತದೆ, ಕಬ್ಬಿಣ ಕಾಯುವುದಿಲ್ಲ.

ಮೂರನೆಯದು ಜೀವದ ಮಾತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ನಮ್ಮ ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಅಂಟಿಕೊಳ್ಳುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಮಂದಿ ಸತ್ತರು. ಅಲ್ಲಿ ಜನರನ್ನು ಕಂಗೆಡಿಸಿದ್ದು ಉರಿಗಿಂತ ಹೆಚ್ಚಾಗಿ ಹೊಗೆ, ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಉರಿ ಆರಿದ ಮೇಲೂ ಮಸಿ ಅಪಾಯವೇ. 1775ರಷ್ಟು ಹಿಂದೆಯೇ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ವೈದ್ಯರು ಹೊಗೆಗೂಡು ಗುಡಿಸುವ ಹುಡುಗರಿಗೆ ಮುಂದೆ ಚರ್ಮದ ಕ್ಯಾನ್ಸರ್ ಬರುವುದಕ್ಕೆ ಮಸಿಯೇ ಕಾರಣ ಅಂತ ಬರೆದಿದ್ದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಕಿ ಆರಿಸುವ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಹೀಗಿರುವಾಗ ನಾವು ಮಸಿ ತೊಳೆಯಲು ಯಾರನ್ನು ಕಳಿಸುತ್ತೇವೆ? ಮೂಗಿಗೆ ಸೆರಗು ಕಟ್ಟಿಕೊಂಡ ಕೂಲಿ ಹೆಣ್ಣುಮಕ್ಕಳನ್ನು. ಒಂದು ಒಳ್ಳೇ ಮಾಸ್ಕು, ಕೈಚೀಲ, ಕಣ್ಣಿಗೆ ಕನ್ನಡಕ ಕೊಡುವುದಿಲ್ಲ. ಸಿಮೆಂಟು ಶೀಟು, ಹಳೇ ಆಸ್ಬೆಸ್ಟಾಸ್ ಶೀಟು ಬೆಂಕಿಗೆ ಸಿಡಿದು ಪುಡಿಯಾದದ್ದನ್ನು ಅವರು ಪೊರಕೆ ಹಿಡಿದು ಗುಡಿಸುತ್ತಾರೆ. ಇದು ನಮಗೆ ಶೋಭೆ ತರುವ ಮಾತಲ್ಲ.

ಹಾಗಾದರೆ ಕಲಿತವರು ಏನು ಮಾಡುತ್ತಾರೆ? ಮೊದಲು ಕಟ್ಟಡ ನಿಲ್ಲುತ್ತದೋ ಇಲ್ಲವೋ ನೋಡುತ್ತಾರೆ. ಸುಟ್ಟ ತೊಲೆ ಮೇಲೆ ಕಪ್ಪಾಗಿ ಒಳಗೆ ಗಟ್ಟಿ ಇರಬಹುದು, ಮೇಲೆ ಚೆನ್ನಾಗಿ ಕಂಡು ಒಳಗೆ ಪೊಳ್ಳಾಗಿರಲೂಬಹುದು. ವೈರ್‌ಮನ್ ಬಂದು ನೋಡುವ ತನಕ ಮೇನ್ ಸ್ವಿಚ್ ಹಾಕುವುದಿಲ್ಲ. ಫ್ಯಾನ್ ಹಾಕುವುದೇ ಇಲ್ಲ, ಹಾಕಿದರೆ ಒಂದು ಕೋಣೆಯ ಮಸಿ ಹತ್ತು ಕೋಣೆಗೆ ಹೋಗುತ್ತದೆ. ಏನನ್ನೂ ಎತ್ತುವ ಮೊದಲು ಫೋಟೋ ತೆಗೆಯುತ್ತಾರೆ, ಸಾಮಾನಿನ ಪಟ್ಟಿ ಮಾಡುತ್ತಾರೆ. ಆಮೇಲೆ ಸಣ್ಣ ಕಣವನ್ನೂ ಹಿಡಿಯುವ ಸೋಸುಕ ಇರುವ ವ್ಯಾಕ್ಯೂಮ್ ಯಂತ್ರದಿಂದ, ಒಣ ರಬ್ಬರ್ ಸ್ಪಂಜಿನಿಂದ ಪುಡಿ ಮಸಿ ತೆಗೆಯುತ್ತಾರೆ, ಮೇಲಿಂದ ಕೆಳಕ್ಕೆ. ಉಜ್ಜುವುದಿಲ್ಲ, ಒಂದೇ ಕಡೆಗೆ ಎಳೆಯುತ್ತಾರೆ. ಅದಾದ ಮೇಲೆ ಹುಳಿಯನ್ನು ಕಳೆಯುವ ಕ್ಷಾರದ ಸೋಪಿನ ನೀರು. ಆ ನೀರನ್ನು ಗೋಡೆಗೆ ಕೆಳಗಿನಿಂದ ಮೇಲಕ್ಕೆ ಹಾಕುತ್ತಾರೆ. ಮೇಲಿಂದ ಹಾಕಿದರೆ ಕೆಳಗಿನ ಒಣ ಮಸಿಯ ಮೇಲೆ ಗೆರೆ ಇಳಿಯುತ್ತದೆ, ಆ ಗೆರೆ ಹೋಗುವುದು ಬಹಳ ಕಷ್ಟ. ವಾಸನೆಗೆ ಊದುಬತ್ತಿ, ಸೆಂಟು ಹಾಕುವುದಿಲ್ಲ. ವಾಸನೆಯ ಮೂಲವಾದ ಕರಕಲನ್ನೇ ಕೆತ್ತಿ ತೆಗೆದು, ಗಾಳಿ ಆಡಿಸಿ, ಉಳಿದದ್ದನ್ನು ಅರಗಿನ ಪ್ರೈಮರ್ ಬಳಿದು ಮುಚ್ಚುತ್ತಾರೆ. ಓಜೋನ್ ಯಂತ್ರ ಅಂತ ಒಂದಿದೆ, ಅದನ್ನು ಇಡುವಾಗ ಮನೆಯಲ್ಲಿ ಮನುಷ್ಯರು, ದನ, ನಾಯಿ, ಗಿಡ ಯಾವುದೂ ಇರಬಾರದು. ನೋಡಿ, ಇದರಲ್ಲಿ ಒಂದೊಂದು ಹೆಜ್ಜೆಗೂ ಒಂದು ಕಾರಣ ಇದೆ. ಇದು ಬರೀ ಕ್ಲೀನಿಂಗ್ ಕೆಲಸವಲ್ಲ, ಕಸುಬು.

ಬೆಳೆಯ ಮಾತಿಗೆ ಬಂದರೆ, ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನು ಹೀರಿಕೊಳ್ಳುವ ಗುಣದ್ದು. ಹೊಗೆ ಹೊಡೆದ ಪಾರ್ಚ್‌ಮೆಂಟನ್ನು ಒಳ್ಳೆಯದರ ಜೊತೆ ಬೆರೆಸಿದರೆ ಇಡೀ ಲಾಟು ಕೆಡುತ್ತದೆ. ಬೇರೆ ಇಡಬೇಕು, ಅದನ್ನು ಕೊಳ್ಳುವವರಿಗೆ ಹೇಳಿಯೇ ಮಾರಬೇಕು. ಮೆಣಸಿನದು ಇನ್ನೂ ಸೂಕ್ಷ್ಮ. ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ವಿಷಕ್ಕೆ ಯುರೋಪ್ ಒಕ್ಕೂಟದವರು 2015ರಲ್ಲಿ ಒಣ ಸಾಂಬಾರ ಪದಾರ್ಥಗಳಲ್ಲಿ ಕಿಲೋಗೆ 10 ಮೈಕ್ರೋಗ್ರಾಂ ಅಂತ ಮಿತಿ ಹಾಕಿದರು. ಏಲಕ್ಕಿಯನ್ನು ಅದರಿಂದ ಹೊರಗೆ ಇಟ್ಟರು, ಅದು ಹೊಗೆಯಲ್ಲೇ ಒಣಗುವ ಸಂಪ್ರದಾಯದ್ದು ಅಂತ. ಮೆಣಸಿಗೆ ಆ ರಿಯಾಯಿತಿ ಇಲ್ಲ. ಅಂದರೆ ನಮ್ಮ ಒಂದು ಉಗ್ರಾಣದ ಹೊಗೆ ಸಮುದ್ರದಾಚೆಯ ಪ್ರಯೋಗಶಾಲೆಯಲ್ಲಿ ಸಿಕ್ಕಿಬೀಳುವ ಕಾಲ ಇದು. ಹಾಗೆಯೇ ಹೊಗೆಗೆ ತೆರೆದುಕೊಂಡ ಅಕ್ಕಿ, ಬೇಳೆ, ಉಪ್ಪಿನಕಾಯಿ, ಮಾತ್ರೆ ಔಷಧಿ ಇವನ್ನು ಮೋಹಕ್ಕೆ ಇಟ್ಟುಕೊಳ್ಳದೆ ಬಿಸಾಡಬೇಕು.

ಇನ್ನು ನಮ್ಮ ಸಂಘದ ಕಟ್ಟಡ. ಇದರೊಳಗೆ ಏನಿದೆ ಅಂತ ಒಮ್ಮೆ ಯೋಚಿಸಿ. ಇಪ್ಪತ್ತೈದು ವರ್ಷದ ಲೆಡ್ಜರು, ಷೇರು ರಿಜಿಸ್ಟರು, ಸಭೆಯ ನಡವಳಿ ಪುಸ್ತಕ, ಸಾಲದ ಪತ್ರ, ಒಡವೆ ಅಡವಿನ ಚೀಟಿ. ಪಹಣಿ ಸುಟ್ಟರೆ ಭೂಮಿ ಯೋಜನೆ ಬಂದ ಮೇಲೆ ನಾಡಕಚೇರಿಯಲ್ಲಿ ಮತ್ತೊಂದು ಪ್ರತಿ ಸಿಗುತ್ತದೆ. ಆಧಾರ್ ಕಾರ್ಡು ಹೋದರೆ ಮತ್ತೆ ಬರುತ್ತದೆ. ಆದರೆ ಸದಸ್ಯರೊಬ್ಬರು 2003ರಲ್ಲಿ ಕಟ್ಟಿದ ಷೇರು ಹಣದ ಸಹಿ ಇರುವುದು ಒಂದೇ ಪುಸ್ತಕದಲ್ಲಿ. ಈಗ ಕಂಪ್ಯೂಟರ್ ಬಂದಿದೆ ಅನ್ನಬಹುದು. ಕೇಂದ್ರ ಸರ್ಕಾರ 2022ರಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಒಳ್ಳೆಯದೇ. ಆದರೆ ಕಂಪ್ಯೂಟರಿಗೆ ಹತ್ತದ ಹಳೇ ಕಾಗದ ಕಾಗದವಾಗಿಯೇ ಕಪಾಟಿನಲ್ಲಿದೆ. ಅದೂ ಅಲ್ಲದೆ ಮಸಿ ಒಳಹೊಕ್ಕ ಕಂಪ್ಯೂಟರನ್ನು "ಕೆಲಸ ಮಾಡುತ್ತದಾ ನೋಡೋಣ" ಅಂತ ಆನ್ ಮಾಡಿದರೆ ಉಳಿಯುವುದೂ ಉಳಿಯುವುದಿಲ್ಲ.

ಒದ್ದೆಯಾದ ಪುಸ್ತಕಕ್ಕೂ ಒಂದು ವಿದ್ಯೆ ಇದೆ. ಒದ್ದೆ ಕಾಗದಕ್ಕೆ ಎರಡು ದಿನದಲ್ಲಿ ಬೂಷ್ಟು ಹಿಡಿಯಲು ಶುರುವಾಗುತ್ತದೆ, ಆಷಾಢದಲ್ಲಿ ಅದಕ್ಕೂ ಮೊದಲೇ. ಅಂಟಿಕೊಂಡ ಹಾಳೆಯನ್ನು ಬಲವಂತವಾಗಿ ಬಿಡಿಸಬಾರದು. ಬಿಸಿಲಿಗೆ ಹಾಕಬಾರದು, ಇಸ್ತ್ರಿ ಪೆಟ್ಟಿಗೆ ಇಡಬಾರದು. ಹಾಳೆಗಳ ನಡುವೆ ಹೀರುಕಾಗದ ಇಟ್ಟು ನೆರಳಲ್ಲಿ ಗಾಳಿಗೆ ಒಣಗಿಸಬೇಕು. ಪುಸ್ತಕಗಳು ಬಹಳ ಇದ್ದರೆ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಇಟ್ಟುಬಿಡಬೇಕು, ಹೆಪ್ಪುಗಟ್ಟಿದರೆ ಬೂಷ್ಟು ಬೆಳೆಯುವುದಿಲ್ಲ, ಆಮೇಲೆ ಒಂದೊಂದಾಗಿ ನಿಧಾನಕ್ಕೆ ಒಣಗಿಸಬಹುದು. 1988ರ ಫೆಬ್ರವರಿಯಲ್ಲಿ ರಷ್ಯಾದ ಲೆನಿನ್‌ಗ್ರಾಡಿನ ವಿಜ್ಞಾನ ಅಕಾಡೆಮಿಯ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸುಮಾರು 4 ಲಕ್ಷ ಪುಸ್ತಕ ನಾಶವಾದವು. ನೀರಿನಿಂದ ಕೆಟ್ಟವು ಅದಕ್ಕಿಂತಲೂ ಬಹಳ ಹೆಚ್ಚು. ಆಗ ಊರಿನ ಜನರೇ ಒದ್ದೆ ಪುಸ್ತಕಗಳನ್ನು ಮನೆಗೆ ಒಯ್ದು, ಹಗ್ಗದ ಮೇಲೆ ಒಣಹಾಕಿ ತಂದುಕೊಟ್ಟರು. ಸಹಕಾರ ಅಂದರೆ ಇದಲ್ಲವೇ? ಆದರೆ ಆ ಜನಕ್ಕೆ ಹೇಗೆ ಒಣಗಿಸಬೇಕು ಅಂತ ಹೇಳಿಕೊಡಲು ತಿಳಿದವರು ಇದ್ದರು ಎಂಬುದನ್ನು ನಾವು ಮರೆಯಬಾರದು.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಕಲಿಯುವುದು ಎಲ್ಲಿ?

ಅಮೆರಿಕದಲ್ಲಿ 1972ರಲ್ಲಿ ಶುರುವಾದ ಒಂದು ಸಂಸ್ಥೆ ಇದೆ, ಐಐಸಿಆರ್‌ಸಿ ಅಂತ ಕರೆಯುತ್ತಾರೆ. ಬೆಂಕಿ ಮತ್ತು ಹೊಗೆಯಿಂದ ಕೆಟ್ಟದ್ದನ್ನು ಸರಿಪಡಿಸುವವರಿಗೇ ಅಂತ ಅದು ಪ್ರತ್ಯೇಕ ಸರ್ಟಿಫಿಕೇಟ್ ಕೊಡುತ್ತದೆ. ಒಪ್ಪಿಗೆ ಪಡೆದ ಗುರುಗಳ ಹತ್ತಿರ ತರಗತಿಗೆ ಕೂರಬೇಕು, ಪರೀಕ್ಷೆ ಪಾಸು ಮಾಡಬೇಕು. ಆಮೇಲೂ ಆಗಾಗ ಹೊಸದನ್ನು ಕಲಿತು ಸರ್ಟಿಫಿಕೇಟ್ ಜೀವಂತ ಇಟ್ಟುಕೊಳ್ಳಬೇಕು. ಆ ದೇಶದಲ್ಲಿ ಬೆಂಕಿ ಬಿದ್ದ ಮನೆಗೆ ಇಂಥವರು ಬರುವುದು, ನಮ್ಮಲ್ಲಿ ಪ್ಲಂಬರ್ ಬಂದಷ್ಟೇ ಸಾಮಾನ್ಯ. ಆದರೆ ಪಾಠ ಇಂಗ್ಲಿಷಿನಲ್ಲಿ, ಫೀಸು ಡಾಲರಿನಲ್ಲಿ. ನಮ್ಮ ದೇಶದ ಐಟಿಐಗಳಲ್ಲಿ ಹೊಗೆ ಮಸಿ ತೆಗೆದು ಮನೆ ಸರಿಪಡಿಸುವುದಕ್ಕೆ ಅಂತ ಬೇರೆ ಟ್ರೇಡ್ ಇಲ್ಲ. ಆದ್ದರಿಂದ ನಮ್ಮ ಹುಡುಗರು ಈ ವಿದ್ಯೆಯನ್ನು ಒಂದೇ ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ, ನಾಲ್ಕು ಕಡೆಯಿಂದ ಕೂಡಿಸಿಕೊಳ್ಳಬೇಕು.

ಮೊದಲನೆಯದು, ಬೆಂಕಿಯ ಬಗ್ಗೆಯೇ ತಿಳುವಳಿಕೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ದೇಶದ ಮಟ್ಟದಲ್ಲಿ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು 1956ರಿಂದ ನಡೆಯುತ್ತಿದೆ, ಅದು ಕೇಂದ್ರ ಗೃಹ ಇಲಾಖೆಯದು. ಐಟಿಐನಲ್ಲಿ ಅಗ್ನಿ ತಂತ್ರಜ್ಞಾನ ಮತ್ತು ಕೈಗಾರಿಕಾ ಸುರಕ್ಷತೆಯ ಟ್ರೇಡ್ ಇದೆ, ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ಊರಿನ ಸ್ವಯಂಸೇವಕರಿಗಾದರೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಆರಂಭಿಸಿದ ಆಪದಾ ಮಿತ್ರ ಎಂಬ ಯೋಜನೆ ಇದೆ. ಅದನ್ನು ಆಮೇಲೆ 350 ಜಿಲ್ಲೆಗಳಲ್ಲಿ 1 ಲಕ್ಷ ಜನರಿಗೆ ತರಬೇತಿ ಕೊಡುವ ಗುರಿಯೊಂದಿಗೆ ವಿಸ್ತರಿಸಿದರು. ಇನ್ನು ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಅದೇ ದಿನ ಮುಂಬಯಿ ಬಂದರಿನಲ್ಲಿ ಹಡಗು ಸಿಡಿದು 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟ ನೆನಪಿಗೆ ಅದು. ಆ ವಾರ ಅವರನ್ನು ನಮ್ಮ ಸಂಘದ ಅಂಗಳಕ್ಕೇ ಕರೆಸಿ ಪ್ರಾತ್ಯಕ್ಷಿಕೆ ಮಾಡಿಸಬಹುದು.

ಎರಡನೆಯದು, ಕಾಗದಪತ್ರ ಉಳಿಸುವ ವಿದ್ಯೆ. ಇದಕ್ಕೆ ದೂರ ಹೋಗಬೇಕಿಲ್ಲ. ಲಕ್ನೋದಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ನಮ್ಮ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬಹಳ ವರ್ಷ ಈ ಕೆಲಸ ಮಾಡಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಭಿಲೇಖಾಲಯ ತನ್ನದೇ ಶಾಲೆಯಲ್ಲಿ ಕಡತ ರಿಪೇರಿ, ರಕ್ಷಣೆಯ ಅಲ್ಪಾವಧಿ ತರಗತಿ ನಡೆಸುತ್ತದೆ. ನಮ್ಮ ಕಾರ್ಯದರ್ಶಿಗಳೋ ಗುಮಾಸ್ತರೋ ಒಬ್ಬರು ಇದನ್ನು ಕಲಿತು ಬಂದರೆ, ಬೆಂಕಿ ಇಲ್ಲದಿದ್ದರೂ ಗೆದ್ದಲು, ಸೋರುವ ಮಾಡು ಇವುಗಳಿಂದ ಕಡತ ಕಾಪಾಡಿದಂತಾಗುತ್ತದೆ.

ಮೂರನೆಯದು, ವಿಮೆಯ ಭಾಷೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಭಾರತ್ ಗೃಹ ರಕ್ಷಾ ಎಂಬ ಒಂದೇ ತೆರನ ಮನೆ ವಿಮೆ ಕೊಡಬೇಕೆಂದು ನಿಯಮವಾಯಿತು. ಸಣ್ಣ ವ್ಯಾಪಾರ, ಗೋದಾಮಿಗೆ 5 ಕೋಟಿವರೆಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಮನೆ ವಿಮೆಯಲ್ಲಿ ಸುಟ್ಟ ಅವಶೇಷ ತೆಗೆಸುವ ಖರ್ಚಿಗೆ ಕ್ಲೇಮಿನ ನೂರಕ್ಕೆ 2ರವರೆಗೆ, ಇಂಜಿನಿಯರ್, ಸರ್ವೇಯರ್ ಫೀಸಿಗೆ ನೂರಕ್ಕೆ 5ರವರೆಗೆ ಅವಕಾಶ ಇದೆ. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೂಡಲೇ ತಿಳಿಸಬೇಕು, ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳಬೇಕು, ಸರ್ವೇಯರ್ ನೋಡುವ ತನಕ ಹಾಳಾದ ಸಾಮಾನು ಎಸೆಯಬಾರದು. ಈ ಮೂರು ಮಾತು ಗೊತ್ತಿರುವ ಒಬ್ಬ ಹುಡುಗ ಊರಿನಲ್ಲಿದ್ದರೆ ಸಾಕು, ಒಂದು ಸಂಸಾರ ಉಳಿಯುತ್ತದೆ.

ನಾಲ್ಕನೆಯದು ಕೈಕೆಲಸ. ಮೇಸ್ತ್ರಿ, ಬಡಗಿ, ಪೇಂಟರ್, ವೈರ್‌ಮನ್ ಇವರ ಕೆಲಸ ಅರ್ಧಂಬರ್ಧವಾದರೂ ಗೊತ್ತಿರಬೇಕು. ಅದಕ್ಕೆ ಗುರುಗಳು ನಮ್ಮ ಊರಿನಲ್ಲೇ ಇದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ದುಡ್ಡು ಕಟ್ಟಿದರೆ ಹದಿನೈದು ದಿನದಲ್ಲಿ ಫೈರ್ ಸೇಫ್ಟಿ ಡಿಪ್ಲೊಮಾ, ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಬಸ್ ಸ್ಟ್ಯಾಂಡಿನಲ್ಲಿ ಚೀಟಿ ಅಂಟಿಸುವವರು ಇದ್ದಾರೆ. ಉರಿಯುವ ಮನೆಯ ಗಳ ಹಿರಿಯುವುದು ಅಂದರೆ ಇದೇ. ಮಕ್ಕಳನ್ನು ಸೇರಿಸುವ ಮೊದಲು ಕೇಳಿ: ಈ ಸರ್ಟಿಫಿಕೇಟಿಗೆ ಒಪ್ಪಿಗೆ ಕೊಟ್ಟವರು ಯಾರು? ಪರೀಕ್ಷೆ ಯಾರು ಮಾಡುತ್ತಾರೆ? ಕೈಯಲ್ಲಿ ಕೆಲಸ ಮಾಡಿಸುತ್ತಾರೋ, ಬರೀ ಪುಸ್ತಕವೋ? ಈ ಮೂರಕ್ಕೆ ನೇರ ಉತ್ತರ ಬರದಿದ್ದರೆ ಕಾಲು ತೆಗೆಯಿರಿ. ಗೋಡೆಗೆ ನೇತುಹಾಕುವ ಸರ್ಟಿಫಿಕೇಟಿನಿಂದ ಮಸಿ ಹೋಗುವುದಿಲ್ಲ, ಕಲಿತ ಕೈಯಿಂದ ಹೋಗುತ್ತದೆ. ಆದರೆ ಆ ಕೈ ಕಲಿತದ್ದು ಹೌದು ಅಂತ ವಿಮೆಯವರಿಗೆ, ಪರವೂರಿನವರಿಗೆ ನಂಬಿಕೆ ಬರಲು ಸರಿಯಾದ ಸರ್ಟಿಫಿಕೇಟೂ ಬೇಕು. ಎರಡೂ ಬೇಕು.

ಕೆಲವರು ಕೇಳಿದರು, "ಅಲ್ಲ ಕಣ್ರೀ, ಬೆಂಕಿ ಏನು ದಿನಾ ಬೀಳುತ್ತದೆಯೇ? ಕಲಿತ ಹುಡುಗರು ಉಳಿದ ದಿನ ಏನು ಮಾಡುವುದು?" ಅಂತ. ನ್ಯಾಯವಾದ ಪ್ರಶ್ನೆ. ಬೆಂಕಿಗೆ ಕಲಿತ ವಿದ್ಯೆ ನೀರಿಗೂ ಆಗುತ್ತದೆ. 2018ರ ಆಗಸ್ಟಿನಲ್ಲಿ ಮಳೆ ಹೊಡೆದು ಶಿರಾಡಿ ಘಾಟಿ ಕುಸಿದು ರಸ್ತೆ, ರೈಲು ಎರಡೂ ನಿಂತದ್ದು ತಮಗೆ ನೆನಪಿದೆ. ಆ ವರ್ಷ ಎಷ್ಟು ಮನೆಗಳ ಗೋಡೆ ಬೂಷ್ಟು ಹಿಡಿದವು? ತೇವ ಒಣಗಿಸುವುದು, ಬೂಷ್ಟು ತೆಗೆಯುವುದು, ಕೆಟ್ಟದ್ದರ ಪಟ್ಟಿ ಮಾಡುವುದು ಎಲ್ಲ ಒಂದೇ ಕಸುಬಿನ ಕವಲುಗಳು. ಹೆದ್ದಾರಿ ಉದ್ದಕ್ಕೂ ಹೋಟೆಲುಗಳಿವೆ, ಅವುಗಳ ಚಿಮಣಿಯಲ್ಲಿ ಜಿಡ್ಡು ಗಟ್ಟಿದೆ. ಸಕಲೇಶಪುರ, ಆಲೂರು ಕಡೆ ಹೋಂಸ್ಟೇಗಳಾಗಿವೆ. ಏಲಕ್ಕಿ ಒಣಗಿಸುವ ಮನೆಗಳ ಹೊಗೆ ಕೊಳವೆ ವರ್ಷಕ್ಕೊಮ್ಮೆಯಾದರೂ ಗುಡಿಸಬೇಕು. ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸಕ್ಕೆ ನಿಲ್ಲುವ ಬದಲು ಇಲ್ಲೇ ಮರ್ಯಾದೆಯ ದುಡಿಮೆ ಆಗುತ್ತದೆ.

ಇನ್ನು ಕೆಲವರು, "ಇದು ಸಂಘದ ಕೆಲಸವೇ?" ಅಂದರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, ಕಷ್ಟ ಬಂದವನು ಒಬ್ಬನೇ ಸಾಹುಕಾರನ ಬಾಗಿಲಿಗೆ ಹೋಗಬಾರದು ಅಂತ. ಜಗತ್ತಿನ ಸಹಕಾರಿಗಳೆಲ್ಲ ಸೇರಿ 1995ರಲ್ಲಿ ಒಪ್ಪಿದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ ಮತ್ತು ತರಬೇತಿ, ಏಳನೆಯದು ಸಮುದಾಯದ ಕಾಳಜಿ. ನಮ್ಮ ಕಾಯಿದೆಯಲ್ಲೇ ಸಹಕಾರ ಶಿಕ್ಷಣ ನಿಧಿ ಎಂಬುದಿದೆ. ಮನೆ ಸುಟ್ಟ ಸದಸ್ಯ ಸಾಲ ಕಟ್ಟುವುದು ಹೇಗೆ? ಅವನ ಮನೆ ಉಳಿದರೆ ಸಂಘದ ಸಾಲವೂ ಉಳಿಯುತ್ತದೆ. ಇದು ಧರ್ಮದ ಮಾತೂ ಹೌದು, ಲೆಕ್ಕದ ಮಾತೂ ಹೌದು.

ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ ಮದುವೆ ಸಂಭ್ರಮದ ನಡುವೆ ಸುಟ್ಟುಹೋಯಿತು. ಅರಸರು ಹೆನ್ರಿ ಇರ್ವಿನ್ ಅವರಿಂದ ನಕ್ಷೆ ಮಾಡಿಸಿ, ಗ್ಲಾಸ್ಗೋದಿಂದ ಎರಕದ ಕಬ್ಬಿಣದ ಕಂಬ ತರಿಸಿ, 1912ಕ್ಕೆ ಇನ್ನೂ ದೊಡ್ಡ ಅರಮನೆ ಕಟ್ಟಿಸಿದರು. ಅರಸರಿಗೆ ಅದು ಸಾಧ್ಯ. ಎರಡು ಎಕರೆ ತೋಟದವನು ಹಳೇ ಮನೆಯನ್ನೇ ತೊಳೆದು, ಒರೆಸಿ, ಮತ್ತೆ ಅದರೊಳಗೇ ಬಾಳಬೇಕು. ಅವನಿಗಾಗಿ ಈ ವಿದ್ಯೆ.

ಆದ್ದರಿಂದ ಬೆಳ್ಳಿಹಬ್ಬದ ನೆನಪಿಗಾಗಿ ನಾವು ತಮ್ಮ ಮುಂದೆ ನಾಲ್ಕು ಸಲಹೆ ಇಡುತ್ತೇವೆ. ಒಂದು, ಸದಸ್ಯರ ಮನೆಯ ಇಬ್ಬರು ಯುವಕರು, ಇಬ್ಬರು ಯುವತಿಯರನ್ನು ಆರಿಸಿ ಮೇಲೆ ಹೇಳಿದ ತರಬೇತಿಗಳಿಗೆ ಸಂಘದ ಖರ್ಚಿನಲ್ಲಿ ಕಳಿಸುವುದು. ಕಲಿತು ಬಂದ ಮೇಲೆ ಕೆಲವು ವರ್ಷವಾದರೂ ಸಂಘದ ವ್ಯಾಪ್ತಿಯಲ್ಲೇ ಕೆಲಸ ಮಾಡಬೇಕೆಂದು ಅವರಿಂದ ಮಾತು ಪಡೆಯುವುದು. ಎರಡು, ಮಾಸ್ಕು, ಕೈಚೀಲ, ಕನ್ನಡಕ, ವ್ಯಾಕ್ಯೂಮ್, ಒಣ ಸ್ಪಂಜು, ಟಾರ್ಪಾಲು ಇರುವ ಒಂದು ಪೆಟ್ಟಿಗೆಯನ್ನು ಸಂಘದಲ್ಲಿ ಸಿದ್ಧವಾಗಿ ಇಡುವುದು. ಸ್ಪ್ರೇಯರ್ ಬಾಡಿಗೆಗೆ ಕೊಡುವಂತೆ ಅದನ್ನೂ ಕೊಡಬಹುದು. ಮೂರು, ಹಳೇ ಲೆಡ್ಜರುಗಳ ಪ್ರತಿ ತೆಗೆಸಿ ಬೇರೆ ಕಟ್ಟಡದಲ್ಲಿ ಇಡುವುದು. ನಾಲ್ಕು, ಗೋದಾಮಿನಲ್ಲಿ ಕೀಟನಾಶಕವನ್ನು ಗೊಬ್ಬರ, ಗೋಣಿಚೀಲಗಳಿಂದ ದೂರ, ಪ್ರತ್ಯೇಕ ಬೀಗದಲ್ಲಿ ಇಡುವುದು. ಔಷಧಿ ಸುಟ್ಟ ಹೊಗೆಯನ್ನು ಯಾವ ಸ್ಪಂಜಿನಿಂದಲೂ ಒರೆಸಲಾಗುವುದಿಲ್ಲ, ಅದರ ಮೇಲೆ ಹೊಯ್ದ ನೀರು ಹರಿದು ಸೇರುವುದು ನಮ್ಮ ಕೆರೆಗೇ.

ಈ ಸಭಾಭವನಕ್ಕೆ ಅಮೃತಶಿಲೆ ಹಾಸಬೇಕು, ಮುಂದೆ ದೊಡ್ಡ ಕಮಾನು ಕಟ್ಟಬೇಕು ಎಂಬ ಆಸೆ ಹಲವರಿಗಿದೆ. ಅದು ತಪ್ಪಲ್ಲ. ಆದರೆ ಕಮಾನು ಯಾರ ಮನೆಯ ಮಸಿಯನ್ನೂ ತೆಗೆಯುವುದಿಲ್ಲ. ನಾಲ್ಕು ಮಕ್ಕಳು ಕಲಿತು ಬಂದರೆ, ಮುಂದಿನ ಇಪ್ಪತ್ತೈದು ವರ್ಷ ಈ ಊರಿನ ಯಾವ ಮನೆಗೆ ಕಷ್ಟ ಬಂದರೂ ಮಾರನೇ ಬೆಳಿಗ್ಗೆ ಬಾಗಿಲು ತಟ್ಟಿ "ಹೆದರಬೇಡಿ, ನಾವು ಸಂಘದಿಂದ ಬಂದಿದ್ದೇವೆ" ಅನ್ನುವವರು ಇರುತ್ತಾರೆ. ಯಾವುದು ಮೊದಲು ಆಗಬೇಕು ಎಂಬುದನ್ನು ಸರ್ವ ಸದಸ್ಯರ ಸಭೆ ತೀರ್ಮಾನಿಸಲಿ. ಮಹಿಳಾ ಸದಸ್ಯರು ಈ ಬಾರಿ ಬಾಯಿ ಬಿಟ್ಟು ಮಾತಾಡಬೇಕು ಎಂಬುದು ನಮ್ಮ ವಿಶೇಷ ಕೋರಿಕೆ. ಮಸಿ ತೊಳೆಯುವ ಕಷ್ಟ ನಿಮಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿಲ್ಲ.



ಜೈ ಸಹಕಾರ. ಜೈ ಕರ್ನಾಟಕ.